ನೋವು ಹೋದ ಮೇಲಿನ ಕೆಲಸ

2021ನೆಯ ಇಸವಿ ಜನವರಿ 11ನೆಯ ತಾರೀಖು ಸಿಡ್ನಿಯ ಮೈದಾನದಲ್ಲಿ ನಡೆದ ಆಟವನ್ನು ಕ್ರಿಕೆಟ್ ಪ್ರಿಯರು ಇನ್ನೂ ಮರೆತಿಲ್ಲ. ಆಸ್ಟ್ರೇಲಿಯದ ಎದುರು ಗೆಲ್ಲಲು ಭಾರತಕ್ಕೆ 407 ರನ್ನುಗಳು ಬೇಕಾಗಿದ್ದುವು. ಗೆಲುವು ದೂರವಾದ ಮೇಲೆ, ಸೋಲನ್ನಾದರೂ ತಪ್ಪಿಸಿಕೊಳ್ಳುವುದು ಹೇಗೆಂಬುದಷ್ಟೇ ಯೋಚನೆಯಾಯಿತು. ಆ ಹೊತ್ತಿನಲ್ಲಿ ಆಂಧ್ರದ ಹನುಮ ವಿಹಾರಿ ಒಂದು ಅವಸರದ ರನ್ನಿಗಾಗಿ ಓಡಿ, ತೊಡೆಯ ಹಿಂಬದಿಯನ್ನು ಹಿಡಿದುಕೊಂಡು ನಿಂತುಬಿಟ್ಟರು. ಎದುರು ತುದಿಗೆ ಬಂದ ರವಿಚಂದ್ರನ್ ಅಶ್ವಿನ್ ಅವರಿಗೆ ಬೆನ್ನುನೋವು. ಒಬ್ಬರು ಓಡಲಾರರು, ಇನ್ನೊಬ್ಬರು ಬಗ್ಗಲಾರರು. ಇಬ್ಬರೂ ಸೇರಿ 250ಕ್ಕೂ ಹೆಚ್ಚು ಎಸೆತಗಳನ್ನು ತಡೆದು, ಆಟ ಮುಗಿಯುವವರೆಗೆ ನಿಂತು, ಪಂದ್ಯವನ್ನು ಸಮಮಾಡಿದರು. ವಿಹಾರಿಯವರ ಲೆಕ್ಕದಲ್ಲಿ 161 ಎಸೆತ, 23 ರನ್ನು.

ಪತ್ರಿಕೆಗಳು ಅವರ ಧೈರ್ಯವನ್ನು ಕೊಂಡಾಡಿದುವು, ಕೊಂಡಾಡತಕ್ಕದ್ದೇ. ಆದರೆ ಕುತೂಹಲಿಯಾದ ಓದುಗನಿಗೆ ಬೇರೆ ಪ್ರಶ್ನೆಯೊಂದು ಏಳದಿರದು. ನಾಲ್ಕು ಹೆಜ್ಜೆ ಓಡಲಾರದ ಕಾಲು ಅಷ್ಟು ಹೊತ್ತು ನಿಂತು ಆಡಿದ್ದು ಹೇಗೆ? ನಿಲ್ಲಬಲ್ಲ ಕಾಲು ನಾಲ್ಕೇ ದಿನಕ್ಕೆ ಬ್ರಿಸ್ಬೇನಿನಲ್ಲಿ ಆರಂಭವಾದ ಮುಂದಿನ ಪಂದ್ಯಕ್ಕೆ ಏಕೆ ಒದಗಲಿಲ್ಲ? ವಿಚಿತ್ರವೆಂದರೆ, ಅದೇ ಸಿಡ್ನಿ ಪಂದ್ಯದಲ್ಲಿ ಭಾರತದ ಆಟವನ್ನು ಆರಂಭಿಸಿದ ರೋಹಿತ್ ಶರ್ಮ ಇಂಥದೇ ಗಾಯದಿಂದ ಎದ್ದು ಬಂದವರು. 2020ರ ಅಕ್ಟೋಬರಿನಲ್ಲಿ ಐಪಿಎಲ್ ಪಂದ್ಯಗಳ ನಡುವೆ ಅವರ ತೊಡೆಯ ಹಿಂಬದಿಗೆ ಪೆಟ್ಟಾಯಿತು. ಬಳಿಕ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ವಾರಗಟ್ಟಲೆ ಅಂಗಸಾಧನೆ ನಡೆಯಿತು. ಡಿಸೆಂಬರ್ 11ರಂದು ಅಲ್ಲಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅವರು ಆಸ್ಟ್ರೇಲಿಯಕ್ಕೆ ಹೊರಟರು. ಒಬ್ಬರ ಸ್ನಾಯು ಕೂಡಿಕೊಂಡಿತ್ತು. ಇನ್ನೊಬ್ಬರದು ಆಗತಾನೆ ಹರಿದಿತ್ತು. ಈ ಎರಡು ಸ್ಥಿತಿಗಳ ನಡುವಣ ವಾರಗಳಲ್ಲಿ ಚರ್ಮದ ಒಳಗೆ ನಡೆಯುವ ವ್ಯಾಪಾರ ಬಲು ಸ್ವಾರಸ್ಯವಾದುದು.

ನಮ್ಮ ಮನೆಗಳಲ್ಲಿ ಇಂಥ ಪೆಟ್ಟಿಗೆ ‘ನರ ಎಳೆಯಿತು’ ಎನ್ನುವುದು ವಾಡಿಕೆ. ಎಳೆದದ್ದು ನರವಲ್ಲ, ಸ್ನಾಯು, ಅಂದರೆ ಮಾಂಸಖಂಡ. ಕನ್ನಡದ ಆಡುಮಾತಿನಲ್ಲಿ ‘ನರ’ವೆಂಬ ಒಂದೇ ಪದ ರಕ್ತನಾಳವನ್ನೂ, ಜ್ಞಾನತಂತುವನ್ನೂ, ಮಾಂಸವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುವನ್ನೂ ಹೊತ್ತುಕೊಂಡು ನಡೆಯುತ್ತಿದೆ. ಪಾಪ, ಅದಕ್ಕೂ ಭಾರವೇ! ಇಂಗ್ಲಿಷರು ಈ ಸ್ನಾಯುವನ್ನು ‘ಹ್ಯಾಮ್‌ಸ್ಟ್ರಿಂಗ್’ ಎನ್ನುತ್ತಾರೆ. ‘ಹ್ಯಾಮ್’ ಎಂಬುದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಮಂಡಿಯ ಹಿಂದಿನ ಗುಳಿಯೆಂದು ಅರ್ಥ. ಕುರ್ಚಿಯ ಮೇಲೆ ಕುಳಿತು ಮಂಡಿಯ ಹಿಂದೆ ಕೈಯಿಟ್ಟರೆ ಎರಡು ಬದಿಗೂ ಹುರಿಯಂತೆ ಸಿಕ್ಕುವ ಬಿಗಿಯಾದ ಎಳೆಗಳೇ ಆ ‘ಸ್ಟ್ರಿಂಗ್’ಗಳು. ಆ ಹುರಿಗಳನ್ನು ಹಿಡಿದು ಮೇಲಕ್ಕೆ ಹೋದರೆ ತೊಡೆಯ ಹಿಂಬದಿಯನ್ನೆಲ್ಲ ತುಂಬಿರುವ ಮೂರು ಸ್ನಾಯುಗಳು ದೊರೆಯುತ್ತವೆ. ಇವು ನಾವು ಕುಳಿತಾಗ ಮೈಭಾರವನ್ನು ಹೊರುವ ಪೃಷ್ಠದ ಮೂಳೆಯಲ್ಲಿ ಹುಟ್ಟಿ, ಸೊಂಟದ ಕೀಲನ್ನೂ ಮಂಡಿಯ ಕೀಲನ್ನೂ ದಾಟಿ, ಮೊಣಕಾಲಿನ ಕೆಳಗೆ ನೆಲೆನಿಲ್ಲುತ್ತವೆ. ಹೊರಬದಿಯ ಸ್ನಾಯುವಿನ ಹೆಸರು ಬೈಸೆಪ್ಸ್ ಫೆಮೊರಿಸ್. ಇದಕ್ಕೆ ಎರಡು ಮೂಲಗಳು, ಒಂದು ಉದ್ದ, ಒಂದು ಗಿಡ್ಡ. ಓಟಗಾರರ ಗಾಯಗಳಲ್ಲಿ ಬಹುಪಾಲು ಈ ಉದ್ದನೆಯ ಮೂಲದ್ದೇ.

ಎರಡು ಕೀಲುಗಳನ್ನು ದಾಟುವ ಸ್ನಾಯುವಿಗೆ ಎರಡು ಕಡೆಯಿಂದಲೂ ಎಳೆತ. ಭರದಿಂದ ಓಡುವವನ ಕಾಲು ಗಾಳಿಯಲ್ಲಿ ಮುಂದಕ್ಕೆ ಬೀಸಿ ಬರುವಾಗ ಸೊಂಟ ಮಡಿಚಿರುತ್ತದೆ, ಮಂಡಿ ಬಿಚ್ಚಿಕೊಳ್ಳುತ್ತಿರುತ್ತದೆ. ಪಾದ ನೆಲವನ್ನು ಮುಟ್ಟುವುದಕ್ಕೆ ಮುಂಚಿನ ಆ ಒಂದು ಕ್ಷಣದಲ್ಲಿ ಮುಂದಕ್ಕೆ ಹಾರಿಹೋಗುತ್ತಿರುವ ಮೊಣಕಾಲನ್ನು ಹಿಡಿದು ನಿಲ್ಲಿಸುವ ಕೆಲಸ ತೊಡೆಯ ಹಿಂಬದಿಯದು. ಆಗ ಸ್ನಾಯು ತನ್ನ ಅತ್ಯಂತ ಉದ್ದವಾದ ಸ್ಥಿತಿಯಲ್ಲಿ ಇರುತ್ತದೆ. ಇನ್ನೂ ಎಳೆಸಿಕೊಳ್ಳುತ್ತಲೇ ಬಲವನ್ನೂ ಹಾಕುತ್ತಿರುತ್ತದೆ. ಓಟದಲ್ಲಿ ಹರಿಯುವುದು ಹೆಚ್ಚಾಗಿ ಇಲ್ಲಿಯೇ ಎಂದು ತಜ್ಞರ ಅಭಿಪ್ರಾಯ. ವಿಹಾರಿಯವರ ಒಗಟು ಇಲ್ಲಿ ಬಹುಮಟ್ಟಿಗೆ ಬಿಡಿಸಿಕೊಳ್ಳುತ್ತದೆ. ನಿಂತು ಚೆಂಡನ್ನು ತಡೆಯುವವನ ಸ್ನಾಯು ನಡು ಉದ್ದದಲ್ಲಿ ನಿಧಾನವಾಗಿ ದುಡಿಯುತ್ತದೆ. ಅಷ್ಟನ್ನು ಗಾಯಗೊಂಡ ಕಾಲೂ ನೋವು ನುಂಗಿಕೊಂಡು ಸಹಿಸೀತು. ಓಟ ಕೇಳುವ ಬೆಲೆಯೇ ಬೇರೆ.

ಸ್ನಾಯು ಉದ್ದವಾಗುತ್ತ ದುಡಿಯುವ ಈ ಬಗೆಯನ್ನು ಅರ್ಥಮಾಡಿಕೊಳ್ಳಲು ಓಟಗಾರನೇ ಆಗಬೇಕಿಲ್ಲ. ತುಂಬಿದ ಕೊಡವನ್ನು ಮೇಲೆತ್ತುವಾಗ ತೋಳಿನ ಸ್ನಾಯು ಗಿಡ್ಡವಾಗುತ್ತ ಬಲ ಹಾಕುತ್ತದೆ. ಅದೇ ಕೊಡವನ್ನು ಸದ್ದಾಗದಂತೆ ನೆಲಕ್ಕೆ ಇಳಿಸುವಾಗ ಅದೇ ಸ್ನಾಯು ಉದ್ದವಾಗುತ್ತ ಬಲ ಹಾಕುತ್ತದೆ. ಎತ್ತುವುದು ದುಡಿಮೆ, ಇಳಿಸುವುದು ಸುಲಭವೆಂದು ತೋರುವುದು ಸಹಜ. ಆದರೆ ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಹತ್ತಿ ಇಳಿದ ಮೈಸೂರಿನವರನ್ನು ಮಾರನೆಯ ದಿನ ಕೇಳಬೇಕು! ಹತ್ತುವಾಗ ಏದುಸಿರು ಬಂದದ್ದು ನಿಜ; ಎರಡು ದಿನ ತೊಡೆ ಹಿಡಿದುಕೊಂಡು ನಡೆಯುವಂತೆ ಮಾಡಿದ್ದು ಮುಖ್ಯವಾಗಿ ಇಳಿದ ಹೆಜ್ಜೆಗಳು. ಈ ತಡೆಯುವ ದುಡಿಮೆಗೆ ಶಾಸ್ತ್ರದಲ್ಲಿ ‘ಎಕ್ಸೆಂಟ್ರಿಕ್’ ಎಂದು ಹೆಸರು. ಇಂಗ್ಲಿಷಿನಲ್ಲಿ ಆ ಮಾತಿಗೆ ತಿಕ್ಕಲನೆಂಬ ಅರ್ಥವೂ ಇದೆ. ಸ್ನಾಯುವನ್ನು ಹರಿಯುವುದೂ ಇದೇ ದುಡಿಮೆ. ಹರಿದದ್ದನ್ನು ಮತ್ತೆ ಕಟ್ಟುವುದೂ ಇದೇ ದುಡಿಮೆ. ಹೆಸರು ತೀರ ಅಪ್ರಸ್ತುತವಲ್ಲ.

ಈ ಒಗಟಿಗೆ ಉತ್ತರ ಸ್ನಾಯುವಿನ ಒಳರಚನೆಯಲ್ಲಿದೆ. ಸ್ನಾಯುವನ್ನು ಬಿಡಿಸಿದರೆ ನಾರಿನ ಕಂತೆಗಳು. ಕಂತೆಯನ್ನು ಬಿಡಿಸಿದರೆ ಕೂದಲೆಳೆಯಂಥ ನಾರುಗಳು. ನಾರಿನ ಒಳಗೆ ಇನ್ನೂ ಸೂಕ್ಷ್ಮವಾದ ಎಳೆಗಳು. ಆ ಎಳೆಯುದ್ದಕ್ಕೂ ಸರಪಣಿಯಂತೆ ಸಾಲಾಗಿ ಕೂಡಿಕೊಂಡಿರುವ ಕೊಂಡಿಗಳಿಗೆ ಸಾರ್ಕೊಮಿಯರ್ ಎಂದು ಹೆಸರು. ಒಂದೊಂದು ಕೊಂಡಿಯೂ ಒಂದು ಮಿಲಿಮೀಟರಿನ ಸುಮಾರು ನಾನೂರನೆಯ ಒಂದು ಭಾಗ. ಹತ್ತು ಸೆಂಟಿಮೀಟರು ಉದ್ದದ ನಾರಿನಲ್ಲಿ ಇಂಥವು ಒಂದರ ಮುಂದೊಂದು ಸುಮಾರು 40,000 ಇರಬೇಕು. ಈ ಕೊಂಡಿ ಹೇಗೆ ಕುಗ್ಗುತ್ತದೆಂಬುದು ಗೊತ್ತಾದದ್ದು 1954ರಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಲೇಖನಗಳು ಬಂದುವು: ಆಂಡ್ರ್ಯೂ ಹಕ್ಸ್‌ಲಿ ಮತ್ತು ರಾಲ್ಫ್ ನೀಡರ್‌ಗರ್ಕೆ ಅವರದು ಒಂದು, ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಅವರದು ಇನ್ನೊಂದು. ಇಬ್ಬರು ಹಕ್ಸ್‌ಲಿಗಳೂ ನೆಂಟರಲ್ಲ. ಬೇರೆ ಬೇರೆಯಾಗಿ ದುಡಿದು ಒಂದೇ ಮಾತಿಗೆ ಬಂದವರು. ಕೊಂಡಿಯೊಳಗೆ ದಪ್ಪ ಎಳೆ, ತೆಳು ಎಳೆ ಎಂದು ಎರಡು ಬಗೆಯ ತಂತುಗಳಿವೆ. ತಂತುಗಳು ತಾವು ಕುಗ್ಗುವುದಿಲ್ಲ, ಒಂದರ ನಡುವೆ ಇನ್ನೊಂದು ಜಾರಿಕೊಳ್ಳುತ್ತವೆ ಎಂಬುದು ಆ ಮಾತು. ಎರಡು ಕೈಗಳ ಬೆರಳುಗಳನ್ನು ಹೆಣೆದು ಒಳಕ್ಕೆ ಸರಿಸಿದಂತೆ, ಹೊರಕ್ಕೆ ಎಳೆದಂತೆ.

ಹೆಣೆದ ಬೆರಳುಗಳನ್ನು ತೀರ ಹೊರಕ್ಕೆ ಎಳೆದರೆ ಹಿಡಿತ ತಪ್ಪುವುದು. ಕೊಂಡಿಯದೂ ಅದೇ ಗತಿ. ಹತ್ತು ಮಕ್ಕಳು ಕೈಕೈ ಹಿಡಿದು ಬೀದಿಯ ಈ ಅಂಚಿನಿಂದ ಆ ಅಂಚಿನವರೆಗೆ ನಿಲ್ಲಬೇಕೆಂದರೆ ಎಲ್ಲರೂ ತೋಳುಗಳನ್ನು ಪೂರ್ತಿ ಚಾಚಬೇಕಾಗಬಹುದು. ಯಾರಾದರೂ ಒಬ್ಬರು ಎಳೆದರೆ ಸಾಲು ಕಡಿಯುತ್ತದೆ. ಅದೇ ಅಗಲಕ್ಕೆ ಹದಿಮೂರು ಮಕ್ಕಳಾದರೆ ತೋಳುಗಳು ಸಡಿಲವಾಗಿರುತ್ತವೆ. ಒಂದಿಷ್ಟು ಎಳೆತವನ್ನು ಸಾಲು ನಗುನಗುತ್ತಲೇ ತಡೆದುಕೊಳ್ಳುತ್ತದೆ. ನಾರಿನಲ್ಲಿ ಸಾಲಾಗಿ ಎಷ್ಟು ಕೊಂಡಿಗಳಿವೆ ಎಂಬುದು ಹೀಗೆ ಬಹು ಮುಖ್ಯವಾದ ಲೆಕ್ಕ. ಗಾಯವಾದ ಮೇಲೆ ಏರುಪೇರಾಗುವುದು ಈ ಲೆಕ್ಕವೇ.

ಗಾಯದ ಮೊದಲ ದಿನಗಳ ಕಥೆಯನ್ನು ಚುರುಕಾಗಿ ಹೇಳಬಹುದು. ಹರಿಯುವ ಜಾಗ ಸಾಮಾನ್ಯವಾಗಿ ಮಾಂಸವೂ ಸ್ನಾಯುರಜ್ಜುವೂ ಕೂಡುವ ಸಂಧಿ. ಹರಿದ ನಾರಿನ ತುದಿಗಳು ಹಿಂದಕ್ಕೆ ಸರಿಯುತ್ತವೆ, ನಡುವಣ ತೆರಪಿನಲ್ಲಿ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ. ರಕ್ತದಿಂದ ಬಂದ ಕಣಗಳು ಸತ್ತ ನಾರನ್ನು ತಿಂದು ಜಾಗವನ್ನು ಗುಡಿಸುತ್ತವೆ. ಆಗ ನಾರಿನ ಅಂಚಿನಲ್ಲಿ ಅದುವರೆಗೆ ನಿದ್ರಿಸುತ್ತಿದ್ದ ಪುಟ್ಟ ಕೋಶಗಳು ಎಚ್ಚೆತ್ತು, ಹಲವಾಗಿ, ಒಂದಕ್ಕೊಂದು ಬೆಸೆದು ಹೊಸ ನಾರಾಗತೊಡಗುತ್ತವೆ. ಕಪ್ಪೆಯ ಸ್ನಾಯುವಿನಲ್ಲಿ ಈ ಕೋಶಗಳನ್ನು 1961ರಲ್ಲಿ ಗುರುತಿಸಿದವರು ಅಲೆಕ್ಸಾಂಡರ್ ಮೌರೋ. ಅವರೇ ಇವಕ್ಕೆ ‘ಉಪಗ್ರಹ ಕೋಶ’ಗಳೆಂದು ಹೆಸರಿಟ್ಟರು. ಇದೇ ವೇಳೆಗೆ ಇನ್ನೊಂದು ಬಗೆಯ ಕೋಶಗಳು ತೆರಪಿಗೆ ತೇಪೆ ಹಾಕುತ್ತವೆ. ತೇಪೆ ಮಾಂಸದ್ದಲ್ಲ, ಹಿಗ್ಗದ, ಕುಗ್ಗದ ಕಲೆಯ ಅಂಗಾಂಶದ್ದು. ಮೊದಲ ಹತ್ತು ದಿನಗಳವರೆಗೆ ಇಡೀ ಸ್ನಾಯುವಿನಲ್ಲಿ ಅತಿ ದುರ್ಬಲವಾದ ಜಾಗ ಈ ತೇಪೆಯೇ. ಅನಂತರ ಅದು ಗಟ್ಟಿಯಾಗುತ್ತದೆ. ಮತ್ತೆ ಹರಿದರೆ ಹರಿಯುವುದು ತೇಪೆಯ ಪಕ್ಕದ ಮಾಂಸ. ಹಳೆಯ ಪಂಚೆಗೆ ಹೊಸ ಬಟ್ಟೆಯ ತೇಪೆ ಹಾಕಿದ ಮನೆಯೊಡತಿಗೆ ಈ ಮಾತನ್ನು ವಿವರಿಸಬೇಕಾದ್ದಿಲ್ಲ.

ಹಾಗಾದರೆ ವಿಶ್ರಾಂತಿ? ಮೊದಲ ಕೆಲವು ದಿನ ಬೇಕೇ ಬೇಕು. ರಕ್ತ ಒಸರುತ್ತಿರುವ ಸ್ನಾಯುವಿಗೆ ಎಣ್ಣೆ ಹಚ್ಚಿ ಬಲವಾಗಿ ನೀವುವುದು, ಬಿಸಿನೀರಿನ ಶಾಖ ಕೊಡುವುದು, ನೋವಿನಲ್ಲಿಯೇ ಎಳೆದು ‘ನೇರ’ಮಾಡುವುದು ಗಾಯವನ್ನು ದೊಡ್ಡದು ಮಾಡುವ ದಾರಿಗಳು. ಆ ದಿನಗಳು ಕಳೆದ ಮೇಲೆಯೂ ಮಲಗಿಯೇ ಇರುವುದು ಇನ್ನೊಂದು ಬಗೆಯ ಕೇಡು. 1972ರಲ್ಲಿ ಪ್ರಕಟವಾದ ಒಂದು ಹೆಸರಾಂತ ಪ್ರಯೋಗದಲ್ಲಿ ಬೆಕ್ಕುಗಳ ಹಿಂಗಾಲಿಗೆ ಪ್ಲಾಸ್ಟರ್ ಕಟ್ಟಿ ನೋಡಿದರು. ಮೀನಖಂಡದ ಸ್ನಾಯು ಗಿಡ್ಡವಾಗಿರುವ ಭಂಗಿಯಲ್ಲಿ ಕಾಲನ್ನು ಕಟ್ಟಿದಾಗ ನಾರಿನಲ್ಲಿಯ ಕೊಂಡಿಗಳಲ್ಲಿ ನೂರಕ್ಕೆ 40 ಮಾಯವಾಗಿದ್ದುವು. ಉದ್ದವಾಗಿ ಎಳೆದಿರುವ ಭಂಗಿಯಲ್ಲಿ ಕಟ್ಟಿದಾಗ ನೂರಕ್ಕೆ 19 ಹೊಸದಾಗಿ ಸೇರಿದ್ದುವು. ಕಟ್ಟು ಬಿಚ್ಚಿದ ಕೆಲವು ವಾರಗಳಲ್ಲಿ ಲೆಕ್ಕ ಮೊದಲಿನಂತಾಯಿತು. ಸ್ನಾಯು ಜಿಪುಣ ಗೃಹಸ್ಥನಂತೆ. ಬಳಸದ ಉದ್ದವನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಬಳಸಿದ ಉದ್ದಕ್ಕೆ ಬೇಕಾದಷ್ಟನ್ನು ಹೇಗಾದರೂ ಹೊಂದಿಸುತ್ತದೆ.

ತೊಡೆಯ ಹಿಂಬದಿ ಹರಿದವನು ಪ್ಲಾಸ್ಟರ್ ಕಟ್ಟಿಸಿಕೊಳ್ಳುವುದಿಲ್ಲ, ನಿಜ. ಆದರೆ ಅವನು ಕುಂಟುತ್ತ ಚಿಕ್ಕ ಹೆಜ್ಜೆ ಇಡುತ್ತಾನೆ, ಮಂಡಿಯನ್ನು ಮಡಿಚಿಯೇ ಕೂಡುತ್ತಾನೆ, ದಿಂಬಿನ ಮೇಲೆ ಕಾಲಿಟ್ಟು ಮಲಗುತ್ತಾನೆ. ಸ್ನಾಯು ಪೂರ್ತಿ ಉದ್ದಕ್ಕೆ ಬರುವ ಸಂದರ್ಭವನ್ನೆಲ್ಲ ಜಾಣತನದಿಂದ ತಪ್ಪಿಸುತ್ತಾನೆ. ಇದರಲ್ಲಿ ಅವನ ಮಿದುಳಿನ ಪಾಲೂ ಉಂಟು. ಗಾಯಗೊಂಡಿದ್ದ ಸ್ನಾಯುವಿಗೆ, ಅದರಲ್ಲಿಯೂ ಅದು ಉದ್ದವಾಗುತ್ತ ದುಡಿಯಬೇಕಾದಾಗ, ಮಿದುಳು ಪೂರ್ತಿ ಅಪ್ಪಣೆಯನ್ನು ಕಳಿಸುವುದಿಲ್ಲವೆಂದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ನೋವು ಹೋಗಿ ತಿಂಗಳುಗಳಾದರೂ ಆ ಹಿಂಜರಿಕೆ ಉಳಿದಿರುವುದುಂಟು. ಸುಟ್ಟ ಕೈಯನ್ನು ಒಲೆಯ ಬಳಿಗೆ ಒಯ್ಯಲು ಮಗು ಹಿಂಜರಿಯುವುದಿಲ್ಲವೆ, ಹಾಗೆ. ಉದ್ದಕ್ಕೆ ಹೋಗದ ಸ್ನಾಯು ಉದ್ದವನ್ನು ಕಳೆದುಕೊಳ್ಳುತ್ತದೆ.

ಇದು ಬರಿಯ ಊಹೆಯಲ್ಲ. ಆಸ್ಟ್ರೇಲಿಯದ ಸಂಶೋಧಕರು ಅಲ್ಟ್ರಾಸೌಂಡ್ ಯಂತ್ರದಿಂದ ತೊಡೆಯೊಳಗಿನ ನಾರಿನ ಕಂತೆಗಳನ್ನು ಅಳೆದಿದ್ದಾರೆ. ಹಿಂದೆ ಗಾಯವಾಗಿದ್ದ ಕಾಲಿನಲ್ಲಿ ಬೈಸೆಪ್ಸ್ ಫೆಮೊರಿಸ್ ಸ್ನಾಯುವಿನ ಕಂತೆಗಳು ಅದೇ ಮನುಷ್ಯನ ಇನ್ನೊಂದು ಕಾಲಿಗಿಂತ ಗಿಡ್ಡವಾಗಿದ್ದುವು. ಅವು ಸ್ನಾಯುರಜ್ಜುವಿಗೆ ಕೂಡುವ ಓರೆಯೂ ಹೆಚ್ಚಾಗಿತ್ತು. ಇವರೆಲ್ಲ ಗುಣವಾಗಿ ಮೈದಾನಕ್ಕೆ ಮರಳಿದ್ದವರು. 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಆ ದೇಶದ 152 ಫುಟ್‌ಬಾಲ್ ಆಟಗಾರರನ್ನು ಮೊದಲೇ ಅಳೆದು, ಒಂದು ಋತುವಿನವರೆಗೆ ಕಾದು ನೋಡಿದರು. ಕಂತೆಯ ಉದ್ದ 10.56 ಸೆಂಟಿಮೀಟರಿಗಿಂತ ಕಡಿಮೆಯಿದ್ದವರಿಗೆ ಗಾಯವಾಗುವ ಸಂಭವ ಉಳಿದವರಿಗಿಂತ ಸುಮಾರು ನಾಲ್ಕು ಪಟ್ಟಾಗಿತ್ತು. ಮುಂದಿನ ಅಧ್ಯಯನಗಳೆಲ್ಲವೂ ಇಷ್ಟು ಖಂಡಿತವಾಗಿ ನುಡಿದಿಲ್ಲ. ಕಂತೆಯ ಉದ್ದವೊಂದೇ ಎಲ್ಲಕ್ಕೂ ಕಾರಣವೆಂದು ಹೇಳುವುದು ಆತುರವಾದೀತು. ವಯಸ್ಸು, ದಣಿವು, ಬಲದ ಕೊರತೆ, ಎಲ್ಲಕ್ಕೂ ಪಾಲಿದೆ. ಆದರೂ ಒಮ್ಮೆ ಹರಿದ ತೊಡೆ ಮತ್ತೆ ಹರಿಯುವುದೇಕೆಂಬ ಹಳೆಯ ಪ್ರಶ್ನೆಗೆ ಇಷ್ಟು ಹತ್ತಿರದ ಉತ್ತರ ಮುಂಚೆ ದೊರೆತಿರಲಿಲ್ಲ. ಹೀಗೆ ಮರುಕಳಿಸುವವರ ಪ್ರಮಾಣ ಸಣ್ಣದೂ ಅಲ್ಲ. ಕೆಲವು ಲೆಕ್ಕಗಳಲ್ಲಿ ಆರರಲ್ಲಿ ಒಬ್ಬರು, ಕೆಲವು ಲೆಕ್ಕಗಳಲ್ಲಿ ಮೂವರಲ್ಲಿ ಒಬ್ಬರು. ಮರುಗಾಯ ಬಹುಮಟ್ಟಿಗೆ ಮೊದಲನೆಯದಕ್ಕಿಂತ ಹೆಚ್ಚು ದಿನ ಕಾಡುತ್ತದೆ.

ಇಲ್ಲಿಗೆ ರೋಗ ತಿಳಿಯಿತು, ಮದ್ದು ಯಾವುದು? ಉದ್ದದಲ್ಲಿ ದುಡಿಯಲು ಮರೆತ ಸ್ನಾಯುವಿಗೆ ಉದ್ದದಲ್ಲಿಯೇ ದುಡಿಮೆ ಕೊಡುವುದು. ಕ್ರಮ ಮಾತ್ರ ಮೆಲ್ಲಗೆ ಏರಬೇಕು. ಮೊದಲು ಕಾಲನ್ನು ಅಲುಗಿಸದೆ ಸ್ನಾಯುವನ್ನು ಬಿಗಿಮಾಡಿ ಸಡಿಲಿಸುವುದು; ಆಮೇಲೆ ಅಂಗಾತ ಮಲಗಿ, ಪಾದಗಳನ್ನು ಊರಿ, ಸೊಂಟವನ್ನು ಮೇಲೆತ್ತಿ ಇಳಿಸುವುದು; ನಡಿಗೆ, ನಿಧಾನದ ಓಟ; ಬಳಿಕ ಉದ್ದವಾಗುತ್ತ ಭಾರ ತಡೆಯುವ ಸಾಧನೆಗಳು; ಎಲ್ಲಕ್ಕೂ ಕೊನೆಗೆ ಪೂರ್ಣ ವೇಗದ ಓಟ. ಸ್ವೀಡನ್ನಿನ ಕಾರ್ಲ್ ಆಸ್ಕ್‌ಲಿಂಗ್ ಮತ್ತು ಸಂಗಡಿಗರು 75 ಮಂದಿ ಗಾಯಾಳು ಫುಟ್‌ಬಾಲ್ ಆಟಗಾರರನ್ನು ಎರಡು ಪಂಗಡ ಮಾಡಿದರು. ಒಂದಕ್ಕೆ ರೂಢಿಯ ವ್ಯಾಯಾಮ. ಇನ್ನೊಂದಕ್ಕೆ ಸ್ನಾಯುವನ್ನು ಉದ್ದಮಾಡುತ್ತ ದುಡಿಸುವ ವ್ಯಾಯಾಮ, ಅದೂ ಗಾಯವಾದ ಐದನೆಯ ದಿನದಿಂದಲೇ. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮೊದಲ ಪಂಗಡದವರು ಪೂರ್ಣ ಅಭ್ಯಾಸಕ್ಕೆ ಮರಳಲು ಸರಾಸರಿ 51 ದಿನ ಹಿಡಿಯಿತು, ಎರಡನೆಯವರಿಗೆ 28 ದಿನ. ಓಟಗಾರರಲ್ಲಿಯೂ ಜಿಗಿತಗಾರರಲ್ಲಿಯೂ ಅದೇ ಪರೀಕ್ಷೆಯನ್ನು ಮಾಡಿದಾಗ 86 ದಿನಕ್ಕೆ ಬದಲು 49 ದಿನ ಸಾಕಾಯಿತು. ದಿನಗಳ ಸಂಖ್ಯೆಗಳನ್ನು ನೋಡಿಕೊಂಡು ಯಾರೂ ತಮ್ಮ ಕಾಲಿನ ಮೇಲೆ ಇದೇ ಪ್ರಯೋಗಕ್ಕೆ ಹೊರಡಬಾರದು; ಅಲ್ಲಿ ಪ್ರತಿ ಹಂತದಲ್ಲಿಯೂ ನೋವನ್ನು ಅಳೆಯುತ್ತ ತಜ್ಞರು ಬಳಿಯಲ್ಲಿಯೇ ಇದ್ದರು.

ಇನ್ನೊಂದು ಸಾಧನೆಯ ಹೆಸರು ‘ನಾರ್ಡಿಕ್’. ಇದಕ್ಕೆ ಯಂತ್ರವೂ ಬೇಡ, ಹಣವೂ ಬೇಡ. ಮೆತ್ತನೆಯ ಹಾಸಿನ ಮೇಲೆ ಮಂಡಿಯೂರಿ ನೆಟ್ಟಗೆ ನಿಲ್ಲಬೇಕು. ಜತೆಗಾರನೊಬ್ಬ ಹಿಂದಿನಿಂದ ಹಿಮ್ಮಡಿಗಳನ್ನು ಗಟ್ಟಿಯಾಗಿ ಅದುಮಿ ಹಿಡಿಯಬೇಕು. ಸೊಂಟವನ್ನು ಬಗ್ಗಿಸದೆ, ಮಂಡಿಯಿಂದ ತಲೆಯವರೆಗೆ ಹಲಗೆಯಂತೆ ನೇರವಾಗಿ, ಮುಂದಕ್ಕೆ ಆದಷ್ಟು ನಿಧಾನವಾಗಿ ಬಾಗುತ್ತ ಹೋಗಬೇಕು. ಬೀಳುತ್ತಿರುವ ಮೈಯನ್ನು ತಡೆಯುವುದು ತೊಡೆಯ ಹಿಂಬದಿಯೊಂದೇ. ಇನ್ನು ತಡೆಯಲಾಗದೆಂದಾಗ ಕೈಯೂರಿ ನೆಲಕ್ಕೆ ಬರುವುದು. ನೋಡುವವರಿಗೆ ಇದೊಂದು ಬಗೆಯ ದೀರ್ಘದಂಡ ನಮಸ್ಕಾರದಂತೆ ಕಾಣುವುದಾದರೂ ಮಾಡಿದವನಿಗೆ ಎರಡು ದಿನ ಕುಳಿತೇಳುವುದು ಕಷ್ಟ. ಡೆನ್ಮಾರ್ಕಿನಲ್ಲಿ 50 ಫುಟ್‌ಬಾಲ್ ತಂಡಗಳ 942 ಆಟಗಾರರಲ್ಲಿ ಅರ್ಧದಷ್ಟು ತಂಡಗಳಿಗೆ ಹತ್ತು ವಾರ ಇದನ್ನು ಕಲಿಸಿ, ಒಂದು ವರ್ಷದ ಗಾಯಗಳನ್ನು ಎಣಿಸಿದರು. 2011ರ ವರದಿಯ ಪ್ರಕಾರ ಸಾಧನೆ ಮಾಡದ ತಂಡಗಳಲ್ಲಿ 52 ಗಾಯಗಳು, ಮಾಡಿದ ತಂಡಗಳಲ್ಲಿ 15. ಹಿಂದೆ ಗಾಯವಾಗಿದ್ದವರಿಗೆ ಲಾಭ ಎಲ್ಲರಿಗಿಂತ ಹೆಚ್ಚು: ಮರುಗಾಯಗಳು ನೂರಕ್ಕೆ 85ರಷ್ಟು ತಗ್ಗಿದ್ದುವು.

ಹೀಗೆ ತಡೆಯುವ ದುಡಿಮೆ ಮಾಡಿದಾಗ ಸ್ನಾಯುವಿನೊಳಗೆ ಆಗುವುದೇನು? ಮೆಲ್ಬರ್ನಿನ ಮೊನ್ಯಾಷ್ ವಿಶ್ವವಿದ್ಯಾನಿಲಯದ ಲಿನ್ ಮತ್ತು ಮಾರ್ಗನ್ 1994ರಲ್ಲಿ ಇಲಿಗಳನ್ನು ಇಳಿಜಾರಿನಲ್ಲಿಯೂ ಏರಿನಲ್ಲಿಯೂ ಓಡಿಸಿ ನೋಡಿದ್ದರು. ಇಳಿಜಾರಿನಲ್ಲಿ ಓಡಿದ ಇಲಿಗಳ ತೊಡೆಯ ನಾರುಗಳಲ್ಲಿ ಸಾಲುಗೂಡಿದ ಕೊಂಡಿಗಳು ಹೆಚ್ಚಾಗಿದ್ದುವು. ಮನುಷ್ಯನಲ್ಲಿ ಇದನ್ನು ಕಾಣಬೇಕಾದರೆ ಸ್ನಾಯುವನ್ನು ಕತ್ತರಿಸಬೇಕಲ್ಲ ಎಂಬ ತೊಡಕು ಬಹುಕಾಲ ಇತ್ತು. ಸಣ್ಣ ಸೂಜಿಗಳ ಮೂಲಕ ಬೆಳಕನ್ನು ಒಳಗೆ ಕಳಿಸಿ, ಬದುಕಿರುವ ಮನುಷ್ಯನ ಸ್ನಾಯುವಿನಲ್ಲಿಯೇ ಕೊಂಡಿಗಳನ್ನು ನೋಡುವ ಸೂಕ್ಷ್ಮದರ್ಶಕ 2008ರಲ್ಲಿ ಬಂತು. ಅದರಿಂದ ನೋಡಿದ 2022ರ ಅಧ್ಯಯನವೊಂದರಲ್ಲಿ, ಮೂರು ವಾರಗಳ ನಾರ್ಡಿಕ್ ಸಾಧನೆಯ ಬಳಿಕ ನಾರಿನ ಕಂತೆಗಳು ಉದ್ದವಾಗಿದ್ದುವು. ಆದರೆ ಹೊಸ ಕೊಂಡಿಗಳು ಸೇರಿರಲಿಲ್ಲ. ಇದ್ದ ಕೊಂಡಿಗಳೇ ಹಿಗ್ಗಿ ನಿಂತಿದ್ದುವು. ಅನಂತರ ಒಂಬತ್ತು ವಾರಗಳವರೆಗೆ ಸಾಧನೆ ಮಾಡಿಸಿ ನೋಡಿದಾಗ ಕೊಂಡಿಗಳ ಸಂಖ್ಯೆಯೇ ಏರಿರುವುದು ಕಂಡಿತು. ಮೇಲಿನ ಹೋಲಿಕೆಯಲ್ಲಿ ಹೇಳುವುದಾದರೆ, ಮೊದಲು ಹತ್ತೇ ಮಕ್ಕಳು ತೋಳು ಚಾಚಿ ನಿಂತರು. ಉಳಿದ ಮೂವರು ಬಂದು ಸೇರಲು ಇನ್ನೂ ಕೆಲವು ವಾರ ಬೇಕಾಯಿತು. ಮೂರು ವಾರದಲ್ಲಿ ನೋವೆಲ್ಲ ಹೋಯಿತೆಂದು ಮೈದಾನಕ್ಕೆ ಧಾವಿಸುವ ಹುಡುಗನ ತಂದೆತಾಯಿಗಳು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಸಂಗತಿಯಿದು. ಆ ಅಧ್ಯಯನಗಳು ನಡೆದದ್ದು ಗಾಯವಿಲ್ಲದ ಕಾಲುಗಳಲ್ಲಿ; ಗಾಯಗೊಂಡ ಕಾಲಿಗೆ ಅವಸರ ಇನ್ನೂ ಸಲ್ಲದು.

ತೇಪೆ ಮಾತ್ರ ಅಳಿಯುವುದಿಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ, ಗಾಯವಾಗಿ ಐದರಿಂದ 23 ತಿಂಗಳಾಗಿದ್ದ ಕ್ರೀಡಾಪಟುಗಳ ತೊಡೆಗಳನ್ನು ಎಂಆರ್‌ಐ ಯಂತ್ರದಲ್ಲಿ ನೋಡಿದಾಗ ಬಹುಮಂದಿಯಲ್ಲಿ ಕಲೆ ಹಾಗೆಯೇ ಉಳಿದಿತ್ತು. ಅದಕ್ಕಿಂತ ಬೆರಗಿನ ಸಂಗತಿ ಬೇರೊಂದಿತ್ತು. ಗಾಯವಾಗಿದ್ದ ಉದ್ದನೆಯ ಮೂಲ ಸೊರಗಿ, ಪಕ್ಕದ ಗಿಡ್ಡ ಮೂಲ ದಪ್ಪವಾಗಿರುವುದು ಹಲವರಲ್ಲಿ ಕಂಡುಬಂತು. ಅಣ್ಣ ಕೆಲಸ ಬಿಟ್ಟ ಮನೆಯಲ್ಲಿ ತಮ್ಮ ಇಮ್ಮಡಿ ದುಡಿದಂತೆ! ಆದರೆ ಗಿಡ್ಡ ಮೂಲ ಮಂಡಿಯನ್ನಷ್ಟೇ ದಾಟುವಂಥದು. ಸೊಂಟದ ಕೆಲಸ ಅದರಿಂದಾಗದು. ಕಲೆ ಕಂಡ ಮಾತ್ರಕ್ಕೆ ಹೆದರಬೇಕಾದ್ದೂ ಇಲ್ಲ. ವೈದ್ಯರು ಪರೀಕ್ಷಿಸಿ ಗುಣವಾಗಿದೆಯೆಂದು ಆಟಕ್ಕೆ ಬಿಟ್ಟ 53 ಮಂದಿಯನ್ನು ಚಿತ್ರ ತೆಗೆದು ನೋಡಿದಾಗ ನೂರಕ್ಕೆ 89 ಮಂದಿಯ ಚಿತ್ರದಲ್ಲಿ ಇನ್ನೂ ದೋಷವಿತ್ತೆಂದು 2014ರ ವರದಿಯೊಂದು ಹೇಳುತ್ತದೆ. ಆದುದರಿಂದ ಬಲ್ಲ ವೈದ್ಯರು ಚಿತ್ರವನ್ನು ನೋಡಿ ಅಪ್ಪಣೆ ಕೊಡುವುದಿಲ್ಲ. ಕಾಲನ್ನು ನೋಡುತ್ತಾರೆ: ಮುಟ್ಟಿದರೆ ನೋವುಂಟೇ, ಎರಡು ಕಾಲಿನ ಬಲವೂ ಬಾಗುವಿಕೆಯೂ ಸಮನಾಗಿದೆಯೇ, ಪೂರ್ಣ ವೇಗದ ಓಟವನ್ನು ಹಲವು ಸಲ ಅಳುಕಿಲ್ಲದೆ ಓಡಿದನೇ.

ಈ ಗಾಯ ಆಟಗಾರರ ಸ್ವತ್ತೇನೂ ಅಲ್ಲ. ಶಾಲೆಯ ವಾರ್ಷಿಕೋತ್ಸವದಲ್ಲಿ ತಂದೆಯರ ಓಟವೆಂದು ಒಂದು ಇಡುವರಲ್ಲ, ಅಲ್ಲಿ ಹತ್ತು ವರ್ಷ ಕಚೇರಿಯ ಕುರ್ಚಿಯಲ್ಲಿ ಮಂಡಿ ಮಡಿಚಿ ಕುಳಿತಿದ್ದ ಮಹನೀಯರು ಮಗನ ಎದುರಿನ ಮಾನಕ್ಕಾಗಿ ಹದಿನೆಂಟರ ವೇಗದಲ್ಲಿ ಹೊರಡುತ್ತಾರೆ. ಹೊರಡುವ ಬಸ್ಸಿನ ಹಿಂದೆ ಓಡುವವರೂ ಇದ್ದಾರೆ. ನೃತ್ಯ ಕಲಿಯುವವರಲ್ಲಿ ಕಾಣುವ ಗಾಯದ ಬಗೆ ಬೇರೆ. ಅದು ಓಟದಲ್ಲಾಗುವುದಿಲ್ಲ, ಕಾಲನ್ನು ಅತಿಯಾಗಿ ಚಾಚಿದಾಗ ಆಗುತ್ತದೆ. ಪೃಷ್ಠದ ಮೂಳೆಯ ಸಮೀಪದಲ್ಲಿ, ಸ್ನಾಯುರಜ್ಜುವಿನ ಕಡೆಗೆ. ಆಗ ನೋವು ಅಷ್ಟಿಲ್ಲವಾದ್ದರಿಂದ ಹುಡುಗಿಯರು ಲಕ್ಷ್ಯಮಾಡುವುದಿಲ್ಲ. ಆದರೆ ಆಸ್ಕ್‌ಲಿಂಗರ ಲೆಕ್ಕದಲ್ಲಿ ಓಟಗಾರರು ಹಿಂದಿನ ಮಟ್ಟಕ್ಕೆ ಬರಲು 16 ವಾರ ಹಿಡಿದರೆ ನರ್ತಕರಿಗೆ 50 ವಾರ ಹಿಡಿಯಿತು. ಹರಿಯುವಾಗ ಒಳಗೆ ‘ಟಪ್ಪ್’ ಎಂದು ಸದ್ದಾಗಿ ಮೂಳೆಯ ಬಳಿ ಗುಳಿ ಬಿದ್ದಂತಾದರೆ, ತೊಡೆಯುದ್ದಕ್ಕೂ ನೀಲಿಗಟ್ಟಿದರೆ, ಹೆಜ್ಜೆಯಿಡಲಾಗದಿದ್ದರೆ, ಸ್ನಾಯುರಜ್ಜು ಮೂಳೆಯಿಂದಲೇ ಕಿತ್ತುಬಂದಿರಬಹುದು. ಅದಕ್ಕೆ ಶಸ್ತ್ರಚಿಕಿತ್ಸೆ ಬೇಕಾದೀತು. ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಯಾವ ಪೆಟ್ಟೂ ಇಲ್ಲದೆ ತೊಡೆಯ ಹಿಂದೆ ನೋವು ಕಾಣಿಸಿಕೊಂಡು ಪಾದದವರೆಗೆ ಜೋಮು ಹಿಡಿಯುವುದಾದರೆ ದೋಷ ಬೆನ್ನಿನಲ್ಲಿರಬಹುದು. ಅಂಥವರ ಮಟ್ಟಿಗೆ ಮಾತ್ರ ‘ನರ’ವೆಂಬ ಮನೆಮಾತು ಸರಿಯೇ.

ಇಷ್ಟೆಲ್ಲ ಸಾಧಿಸಿದ ಉದ್ದ ಶಾಶ್ವತವೂ ಅಲ್ಲ. ವಾರಗಟ್ಟಲೆ ಬೆವರು ಸುರಿಸಿ ಬೆಳೆಸಿದ ನಾರಿನ ಕಂತೆ, ಸಾಧನೆಯನ್ನು ಬಿಟ್ಟ 28 ದಿನಗಳಲ್ಲಿ ಮತ್ತೆ ಮೊದಲಿನ ಗಿಡ್ಡಕ್ಕೆ ಹೋಗಿತ್ತೆಂದು ಆಸ್ಟ್ರೇಲಿಯದವರು ಅಳೆದು ತೋರಿಸಿದ್ದಾರೆ. ಉಳಿಸಿಕೊಳ್ಳುವುದು ಮಾತ್ರ ಗಳಿಸುವುದಕ್ಕಿಂತ ಅಗ್ಗ. ಮೊದಲ ಎರಡು ವಾರಗಳ ಬಳಿಕ ವಾರಕ್ಕೆ ಎಂಟೇ ಎಂಟು ಸಲ ನಾರ್ಡಿಕ್ ಮಾಡಿದವರಿಗೂ, ಅದಕ್ಕಿಂತ ಹಲವು ಪಟ್ಟು ಮಾಡಿದವರಿಗೂ, ಆರು ವಾರಗಳ ಕೊನೆಯಲ್ಲಿ ಉದ್ದದ ಲಾಭ ಸರಿಸುಮಾರಾಗಿ ಒಂದೇ ಆಗಿತ್ತು. ಎಂಟು ಸಲಕ್ಕೆ ಎರಡು ನಿಮಿಷ ಸಾಲದೆ ಹೋಗದು. ಆದರೂ ಯೂರೋಪಿನ ಹೆಸರಾಂತ ಫುಟ್‌ಬಾಲ್ ಸಂಘಗಳನ್ನು ವಿಚಾರಿಸಿದ 2015ರ ಸಮೀಕ್ಷೆಯಲ್ಲಿ ಈ ಸಾಧನೆಯನ್ನು ಕ್ರಮವಾಗಿ ಪಾಲಿಸುತ್ತಿದ್ದವು ಹತ್ತರಲ್ಲಿ ಸುಮಾರು ಒಂದು ಮಾತ್ರ. ಅದೇ ಯೂರೋಪಿನ ಲೆಕ್ಕದಲ್ಲಿ, ವೃತ್ತಿಪರ ಆಟಗಾರರ ಗಾಯಗಳಲ್ಲಿ ತೊಡೆಯ ಹಿಂಬದಿಯ ಪಾಲು 2001–02ರ ಋತುವಿನಲ್ಲಿ ನೂರಕ್ಕೆ 12 ಇದ್ದದ್ದು 2021–22ರಲ್ಲಿ 24 ಆಗಿತ್ತು.